ಭಾವನ ದುರ್ಬೀನು

ನಮ್ಮ ಭಾವ ಕನ್ನಡಕ ಹಾಕಿಕೊಳ್ಳುವುದಿಲ್ಲ. ತಲೆಗೂದಲು ಕಪ್ಪಗಿದ್ದ ಕಾಲದಿಂದ ನಾನು ಕಡೂರಿನ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಸಿಂಗಟಗೆರೆಯಿಂದ, ದೇವನೂರಿನಿಂದ ಜನ ಬಸ್ಸು ಹತ್ತಿ ಬಂದು ನನ್ನೆದುರು ಕೂತು ಕಣ್ಣು ತೋರಿಸಿಕೊಂಡು ಹೋಗುತ್ತಾರೆ. ನನ್ನ ಸ್ವಂತ ಅಕ್ಕನ ಗಂಡ ಮಾತ್ರ ಹಾಕಿಕೊಳ್ಳುವುದಿಲ್ಲ. ನಾನು ಮಾಡಿಸಿಕೊಟ್ಟ ಕನ್ನಡಕಗಳೆಲ್ಲ ಅವರ ಮನೆಯ ದೇವರ ಗೂಡಿನಲ್ಲಿ, ಗಣಪತಿಯ ಪಕ್ಕ, ಊದುಬತ್ತಿಯ ಹೊಗೆ ಹಿಡಿದು ಕೂತಿವೆ. ಗಣಪತಿಗೆ ಈಗ ಚೆನ್ನಾಗಿ ಕಾಣಿಸುತ್ತಿರಬೇಕು.

ಹಾಕಿಕೊಳ್ಳದಿದ್ದರೆ ಅವರ ಹಣೆಬರಹ ಅಂತ ನಾನು ಸುಮ್ಮನಿರಬಹುದಿತ್ತು. ಆದರೆ ಭಾವನ ಕೈಯಲ್ಲಿ ಬಂದೂಕಿದೆ. ಲಿಂಗದಹಳ್ಳಿಯಿಂದ ಆಚೆಗೆ, ಕಾಡಿನ ಅಂಚಿಗೆ ಅಂಟಿಕೊಂಡ ಊರು ಅವರದು. ಬೆಳೆ ಕಾಯಲಿಕ್ಕೆ ಅಂತ ಅವರಪ್ಪನ ಕಾಲದಿಂದ ಬಂದ ಲೈಸೆನ್ಸು. ಆಗಿನ ಹಳೇ ಕೋವಿ ಹೋಗಿ ಈಗ ಬೋಲ್ಟು ಎಳೆದು ಹೊಡೆಯುವ ರೈಫಲ್ಲು ಬಂದಿದೆ. ಮುಸುಕಿನ ಜೋಳದ ಹೊಲದ ಒಂದು ಮೂಲೆಯಲ್ಲಿ ಭಾವ ಅಟ್ಟಣೆ ಹತ್ತಿ ಕೂರುತ್ತಾರೆ. ಅದೇ ಹೊಲದ ಇನ್ನೊಂದು ಮೂಲೆಯಲ್ಲಿ ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆ ಇದೆ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಹೋಗಿ ಮೋಟರು ಹಾಕುವುದು ಅಕ್ಕನ ಕೆಲಸ. ಕಾಡುಹಂದಿ ಬರುವುದು ಬೆಳಕು ಹರಿಯುವ ಹೊತ್ತಿಗೆ. ಕರೆಂಟು ಕೊಡುವವರು ವಾರ ವಾರ ಹೊತ್ತು ಬದಲಾಯಿಸಿ, ಎಷ್ಟೋ ಸಲ ಅದನ್ನೂ ಬೆಳಕು ಹರಿಯುವ ಹೊತ್ತಿಗೇ ಕೊಡುತ್ತಾರೆ. ಪೊರೆ ಬಂದ ಕಣ್ಣು, ಬಂದೂಕು, ಹಂದಿ, ನಮ್ಮಕ್ಕ, ಎಲ್ಲ ಒಂದೇ ಹೊತ್ತಿಗೆ ಒಂದೇ ಹೊಲದಲ್ಲಿ. ನನಗೆ ಸಿಟ್ಟು ಜಾಸ್ತಿ ಅಂತ ಮನೆಯವರೆಲ್ಲ ಹೇಳುತ್ತಾರೆ. ಹೌದು ಸ್ವಾಮಿ, ಜಾಸ್ತಿ. ಇಂಥಾದ್ದಕ್ಕೆ ಬರದೆ ಅದು ಇನ್ಯಾವುದಕ್ಕೆ ಬರಬೇಕು?

ದಸರಾಕ್ಕೆ ಸ್ವಲ್ಪ ಮುಂಚೆ ಭಾವ ಅಕ್ಕನನ್ನು ಕರೆದುಕೊಂಡು ಅಂಗಡಿಗೆ ಬಂದರು. ಅಕ್ಕ ಬಾಗಿಲಲ್ಲೇ ನನ್ನ ಮುಖ ನೋಡಿ, ಜಗಳ ತೆಗೆಯಬೇಡ ಅಂತ ಕಣ್ಣಲ್ಲೇ ಹೇಳಿದಳು. ಎದುರಿನ ಗಾಡಿಯಲ್ಲಿ ಎಳನೀರು ಕುಡಿದು ಬರುತ್ತೇನೆ ಅಂತ ರಸ್ತೆ ದಾಟಿ ಹೋದಳು. ಭಾವ ಕುರ್ಚಿ ಎಳೆದುಕೊಂಡು ಕೂತರು.

"ಲೇ, ನಂಗೊಂದು ದುರ್ಬೀನು ಬೇಕು ಕಣೋ. ರೈಫಲ್ ಮ್ಯಾಲೆ ಕೂರ್ಸೋ ಅಂಥಾದ್ದು. ನೀನು ಗಾಜಿನ ಕಸುಬ್ನೋನಲ್ವಾ, ಯಾವ್ದು ಒಳ್ಳೇದು ಹೇಳು."

"ದುರ್ಬೀನು ಆಮೇಲೆ. ಮೊದ್ಲು ಕಣ್ಣು ನೋಡ್ತೀನಿ ಭಾವ," ಅಂದೆ.

"ನನ್ ಕಣ್ಣಿಗೇನಾಗೈತೆ? ಹಾಕೋ ನಿನ್ ಪಟಾನ, ಓದ್ತೀನಿ."

ಎಡಗಣ್ಣು ಮುಚ್ಚಿಸಿ ಗೋಡೆಯ ಪಟ ಓದಿಸಿದೆ. ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಇರುವೆಯಂಥ ಅಕ್ಷರದವರೆಗೆ ಭಾವ ಮಗ್ಗಿ ಒಪ್ಪಿಸಿದ ಹಾಗೆ ಗಡಗಡ ಓದಿಬಿಟ್ಟರು. ಓದಿ, ಹೆಂಗೆ ಅನ್ನುವ ಹಾಗೆ ಮೀಸೆ ತೀಡಿದರು. ಆ ಪಟವನ್ನು ನಾನು ಹಿಂದಿನ ತಿಂಗಳಷ್ಟೇ ಹೊಸದಾಗಿ ತಂದು ತೂಗುಹಾಕಿದ್ದೆ. ಭಾವ ಓದಿದ್ದು ಹಳೇ ಪಟವನ್ನು! ವರ್ಷಗಟ್ಟಲೆ ನನ್ನ ಅಂಗಡಿಯಲ್ಲಿ ಕೂತು ಹರಟೆ ಹೊಡೆಯುತ್ತ ಅಷ್ಟನ್ನೂ ಬಾಯಿಪಾಠ ಮಾಡಿಕೊಂಡಿದ್ದಾರೆ, ಪುಣ್ಯಾತ್ಮ. ಟಾರ್ಚು ಬಿಟ್ಟು ನೋಡಿದರೆ ಬಲಗಣ್ಣಿನ ಪಾಪೆಯಲ್ಲಿ ಪೊರೆ, ಗಂಜಿಯ ಮೇಲೆ ಕೆನೆ ಕಟ್ಟಿದ ಹಾಗೆ.

"ಭಾವ, ಪೊರೆ ಬಂದಿದೆ. ತೆಗೆಸ್ಬೇಕು. ಬೆಳಿಗ್ಗೆ ಹೋದ್ರೆ ಸಂಜೆ ಮನೇಗೆ ಕಳಿಸ್ತಾರೆ."

"ಪೊರೆ ಬಂದಿರೋದು ನಿನ್ ತಲೇಗೆ. ಆಪ್ರೇಸನ್ ಮಾಡಿಸ್ಕಂಡು ಹಸ್ರು ಪಟ್ಟಿ ಕಟ್ಕಂಡು ಓಡಾಡಿದ್ರೆ ಊರೋರು ಏನಂತಾರೆ? ಲೈಸೆನ್ಸ್ ರಿನ್ಯೂವಲ್‌ಗೆ ಹೋದಾಗ ಸಾಹೇಬ್ರು ಏನಂತಾರೆ? ಇವ್ನಿಗೆ ಕಣ್ ಹೋಗೈತೆ, ಬಂದೂಕ್ ಕಿತ್ಕಳಿ ಅನ್ನಲ್ವಾ?"

ಅಲ್ಲಿಗೆ ವಿಷಯ ಗೊತ್ತಾಯಿತು. ಅವರ ಸೀಮೆಯಲ್ಲಿ ಭಾವನಿಗೆ ಗುರಿಕಾರ ಅಂತ ಹೆಸರಿದೆ. ಯಾವತ್ತೋ ಹರೆಯದಲ್ಲಿ ತೆಂಗಿನ ಮರದ ತುದಿಯ ಕಾಯಿಯ ತೊಟ್ಟಿಗೆ ಹೊಡೆದು ಕಾಯಿ ಬೀಳಿಸಿದ್ದರಂತೆ. ಆ ಕಥೆ ಹೇಳಿ ಹೇಳಿ ಆ ಕಾಯಿಯನ್ನು ಇವತ್ತಿನವರೆಗೂ ನೆಲಕ್ಕೆ ಮುಟ್ಟಗೊಟ್ಟಿಲ್ಲ. ಕನ್ನಡಕ ಹಾಕಿದರೆ ಆ ಹೆಸರು ಹೋಗುತ್ತದೆ. ದುರ್ಬೀನು ಹಾಕಿದರೆ ಹೆಸರು ಇನ್ನೂ ಜೋರಾಗುತ್ತದೆ. ಎರಡರಲ್ಲೂ ಇರುವುದು ಗಾಜೇ ಅಲ್ಲವಾ? ಮೂಗಿನ ಮೇಲೆ ಕೂತರೆ ಅವಮಾನ, ಬಂದೂಕಿನ ಮೇಲೆ ಕೂತರೆ ಬಹುಮಾನ! ನಾನು ಹಲ್ಲು ಕಡಿದುಕೊಂಡೆ. ಅಕ್ಕನ ಗಂಡ. ಬೈಯಬೇಕಾದರೂ 'ನೀವು' ಅಂತಲೇ ಬೈಯಬೇಕು.

ನ್ಯಾಯವಾಗಿ ಹೇಳಬೇಕೆಂದರೆ, ದುರ್ಬೀನು ಬೇಕು ಅಂದದ್ದು ಪೂರ್ತಿ ತಪ್ಪಲ್ಲ. ಬರಿಗಣ್ಣಿನಲ್ಲಿ ಗುರಿ ಹಿಡಿಯಲು ರೈಫಲ್ಲಿನ ಹಿಂದಿನ ಕಚ್ಚು, ನಳಿಕೆಯ ತುದಿಯ ಮೊನೆ, ದೂರದ ಹಂದಿ, ಮೂರನ್ನೂ ಒಂದೇ ಗೆರೆಗೆ ತರಬೇಕು. ವಯಸ್ಸಾದ ಕಣ್ಣು ಒಂದನ್ನು ಹಿಡಿದರೆ ಉಳಿದೆರಡನ್ನು ಬಿಡುತ್ತದೆ. ದುರ್ಬೀನಿನಲ್ಲಿ ಆ ತಾಪತ್ರಯ ಇಲ್ಲ, ಗುರಿಯ ಗೆರೆಯೂ ಹಂದಿಯೂ ಒಂದೇ ಕಡೆ ಕಾಣುತ್ತವೆ. ಹಾಗಾಗಿ ನಾನು ಸಿಟ್ಟು ನುಂಗಿಕೊಂಡು ನಿಜವಾಗಿ ಯೋಚನೆ ಮಾಡಿದೆ. ಈ ರೈಫಲ್ಲಿಗೆ ಇರುವುದು ಒಂದೇ ಕೆಲಸವಲ್ಲ. ಕೋತಿಗೆ ಆಕಾಶಕ್ಕೆ ಹೊಡೆಯುವುದು ಅದರಲ್ಲೇ, ಹುಚ್ಚುನಾಯಿ ಬಂದರೆ ತೆಗೆಯುವುದು ಅದರಲ್ಲೇ, ಹಂದಿಗೂ ಅದೇ. ಮನೆಯ ಕುಡುಗೋಲಿನ ಹಾಗೆ, ಸಿಕ್ಕಿದ್ದಕ್ಕೆಲ್ಲ ಅದೇ. ಅವರ ಹೊಲ ಈ ತುದಿಯಿಂದ ಆ ತುದಿಗೆ ಕೂಗಿದರೆ ಕೇಳಿಸುವಷ್ಟು. ಅಷ್ಟಕ್ಕೆ ಎಂಥಾ ದುರ್ಬೀನು ಬೇಕು?

"ಭಾವ, ಒಂದ್ರಿಂದ ನಾಲ್ಕು ಪಟ್ಟು ದೊಡ್ಡದು ಮಾಡಿ ತೋರ್ಸೋದು ಅಂತ ಬರುತ್ತೆ. ಚಿಕ್ಕದು. ಅದನ್ನ ಒಂದರಲ್ಲೇ ಇಟ್ಟಿರಿ. ಹಂದಿ ದೊಡ್ಡದಾಗಿ ಕಾಣಲ್ಲ, ಆದ್ರೆ ಹಂದಿಯ ಸುತ್ತ ಏನಿದೆ ಅದೆಲ್ಲ ಕಾಣುತ್ತೆ. ಎರಡೂ ಕಣ್ಣು ಬಿಟ್ಕೊಂಡೇ ನೋಡ್ಬಹುದು. ಕಣ್ಣಿಗೂ ಗಾಜಿಗೂ ಮಧ್ಯೆ ನಾಲ್ಕು ಬೆರಳು ಜಾಗ ಇರ್ಲಿ, ಇಲ್ದಿದ್ರೆ ಬಂದೂಕು ಒದ್ದಾಗ ಹುಬ್ಬು ಹರಿಯುತ್ತೆ. ಪೊರೆ ಮಾತ್ರ ಮೊದ್ಲು ತೆಗೆಸಿ. ಅದನ್ನ ಯಾವ ದುರ್ಬೀನೂ ತೆಗೆಯಲ್ಲ."

ಭಾವನಿಗೆ ಕೇಳಿಸಿದ್ದು ನಾಲ್ಕು ಅನ್ನುವುದೊಂದೇ. "ನಾಕೇನಾ? ಅಜ್ಜಂಪುರದ ನನ್ ಸ್ನೇಯಿತ ಇಪ್ಪತ್ನಾಕರದ್ದು ಐತೆ ಅಂತಾನೆ. ಹಂದಿ ಕಣ್ರೆಪ್ಪೆ ಎಣಿಸ್ಬೋದಂತೆ."

"ಹಂದಿ ರೆಪ್ಪೆ ಎಣಿಸಿ ಏನ್ ಮಾಡ್ತೀರಿ ಭಾವ? ಕಾಡಿಗೆ ಹಚ್ತೀರಾ?"

ಮುಖ ಊದಿಸಿಕೊಂಡರು. ಮಾತಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ ಅಂತ ಮೇಜಿನ ಮೇಲಿದ್ದ ಪೇಪರನ್ನು ಕೊಳವೆಯ ಹಾಗೆ ಬಿಗಿಯಾಗಿ ಸುತ್ತಿ ಅವರ ಕೈಗೆ ಕೊಟ್ಟೆ. ಎಡಗಣ್ಣು ಮುಚ್ಚಿ ಇದರಲ್ಲಿ ಎದುರಿನ ಎಳನೀರು ಗಾಡಿ ನೋಡಿ ಅಂದೆ.

"ಕಾಣ್ತೈತೆ. ಕಾಯಿ, ಮಚ್ಚು."

"ಮಚ್ಚನ್ನೇ ನೋಡ್ತಿರಿ. ಪಕ್ಕದಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

ಕೊಳವೆ ಕಿತ್ತುಕೊಂಡೆ. ಮಚ್ಚಿನಿಂದ ಒಂದು ಮೊಳ ಆಚೆಗೆ ಅಕ್ಕ ನಿಂತಿದ್ದಳು. ಎಳನೀರು ಕೈಯಲ್ಲಿ ಹಿಡಿದು ನಮ್ಮ ಕಡೆಗೇ ನೋಡಿ ನಗುತ್ತಿದ್ದಳು.

"ಅವ್ಳು ಅಲ್ಲಿ ನಿಂತಿದ್ದು ನಂಗೇನ್ ಗೊತ್ತೋ?" ಅಂದರು ಭಾವ.

"ಅದನ್ನೇ ಹೇಳ್ತಿರೋದು ಭಾವ! ಹೊಲದಲ್ಲೂ ನಿಮಗೆ ಗೊತ್ತಿರಲ್ಲ. ಮೋಟರು ಹಾಕೋಕೆ ಅವಳು ಅಲ್ಲೇ ಓಡಾಡ್ತಿರ್ತಾಳೆ."

"ನನ್ ಹೆಂಡ್ತಿ ಎಲ್ಲಿರ್ತಾಳೆ ಅಂತ ನಂಗೆ ಪಾಠ ಹೇಳ್ಬ್ಯಾಡ," ಅಂತ ಎದ್ದು ಹೊರಟೇಬಿಟ್ಟರು. ಅಕ್ಕ ಅರ್ಧ ಕುಡಿದ ಎಳನೀರು ಬಿಟ್ಟು ಅವರ ಹಿಂದೆ ಓಡಿದಳು.

ಅಜ್ಜಂಪುರದ ಆ ಸ್ನೇಹಿತನ ಬಗ್ಗೆ ಎರಡು ಮಾತು ಹೇಳಲೇಬೇಕು. ಮೊಬೈಲಿನ ಕವರು, ಚಾರ್ಜರು ಮಾರುವ ಅಂಗಡಿ ಅವನದು. ಬಂದೂಕು ಮುಟ್ಟಿದವನೇ ಅಲ್ಲ. ದಿನವೆಲ್ಲ ಗಲ್ಲಾದ ಮೇಲೆ ಕೂತು ಫೋನಿನಲ್ಲಿ ವಿಡಿಯೋ ನೋಡುತ್ತಾನೆ. ಯಾವುದೋ ದೇಶದ ಹಿಮದ ಗುಡ್ಡದಲ್ಲಿ ದಪ್ಪ ಕೋಟು ಹಾಕಿಕೊಂಡವನೊಬ್ಬ ಈ ಗುಡ್ಡದ ಮೇಲೆ ಬೋರಲು ಮಲಗಿ ಆ ಗುಡ್ಡದ ಮೇಲಿನ ಮೇಕೆಗೆ ಹೊಡೆಯುತ್ತಾನಂತೆ. ಅವನ ಬಂದೂಕಿನ ಮೇಲಿದ್ದದ್ದೇ ನಮ್ಮ ಭಾವನಿಗೂ ಬೇಕು ಅಂತ ಇವನು ತೀರ್ಮಾನ ಮಾಡಿದ. ಥೂ! ಲಿಂಗದಹಳ್ಳಿಯಲ್ಲಿ ಹಿಮ ಎಲ್ಲಿದೆ? ಆಚೆ ಗುಡ್ಡದ ಮೇಲೆ ನಿಂತ ಮೇಕೆ ಎಲ್ಲಿದೆ? ಅವನೇ ಎಲ್ಲಿಂದಲೋ ತರಿಸಿಕೊಟ್ಟ. ತರೀಕೆರೆಯಲ್ಲಿ, ಟಿಲ್ಲರಿನ ಗುಳ ವೆಲ್ಡ್ ಮಾಡುವ ವರ್ಕ್‌ಶಾಪಿನಲ್ಲಿ ಡ್ರಿಲ್ ಹಾಕಿಸಿ, ಸ್ಕ್ರೂ ಬಿಗಿಸಿ ಕೂರಿಸಿಬಿಟ್ಟರು. ಬಂದೂಕಿನ ಕೆಲಸಕ್ಕೆ ಅದರದೇ ಲೈಸೆನ್ಸಿರುವವರು ಇದ್ದಾರೆ, ಅವರಿಗೆ ಕೊಡಬೇಕು ಅನ್ನುವಷ್ಟು ಬುದ್ಧಿಯೂ ಬೇಡವಾ?

ನಾನು ಅದನ್ನು ಮೊದಲ ಸಲ ನೋಡಿದ್ದು ಆಯುಧಪೂಜೆಯ ದಿನ. ಹಬ್ಬಕ್ಕೆ ಅಕ್ಕ ಕರೆದಿದ್ದಳು. ನಡುಮನೆಯಲ್ಲಿ ಹಸೆ ಹಾಕಿ ಕುಡುಗೋಲು, ಮಚ್ಚು, ಸನಿಕೆ, ಸ್ಪ್ಯಾನರು, ಸ್ಪ್ರೇ ಮಾಡುವ ಡಬ್ಬ, ಅಕ್ಕನ ಈಳಿಗೆಮಣೆ ಎಲ್ಲ ಜೋಡಿಸಿದ್ದರು. ನಡುವೆ ರೈಫಲ್ಲು. ಅದರ ಬೆನ್ನ ಮೇಲೆ ಮೊಳಕೈ ಉದ್ದದ ದುರ್ಬೀನು. ಬಂದೂಕಿಗಿಂತ ಅದೇ ದಪ್ಪ ಕಾಣುತ್ತಿತ್ತು. ಭಾವ ಮಡಿ ಪಂಚೆಯುಟ್ಟು ಒಂದೊಂದಕ್ಕೂ ವಿಭೂತಿ ಎಳೆದು, ಗಂಧ ಹಚ್ಚಿ, ಕುಂಕುಮ ಇಡುತ್ತ ಬಂದರು. ದುರ್ಬೀನಿನ ಹತ್ತಿರ ಬಂದಾಗ, ಎಲ್ಲಿ ಇಡಬೇಕು ಅಂತ ಒಂದು ಗಳಿಗೆ ನೋಡಿದರು. ಕಣ್ಣಿರುವ ಕಡೆಯೇ ಹಣೆ ಅನ್ನಿಸಿತೋ ಏನೋ! ಮುಂದಿನ ಗಾಜಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದೇಬಿಟ್ಟರು. ಅದರ ನಡುವೆ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ.

"ಅಯ್ಯೋ, ಗಾಜಿಗಲ್ಲ ಭಾವ! ಗಾಜಿಗೆ ಹಚ್ಬೇಡಿ!" ಅಂತ ನಾನು ಕೂಗಿದ್ದಕ್ಕೆ ಬಂದಿದ್ದ ನೆಂಟರೆಲ್ಲ ತಿರುಗಿ ನೋಡಿದರು. ಜೇಬಿನಲ್ಲಿ ಯಾವಾಗಲೂ ಕನ್ನಡಕ ಒರೆಸುವ ಬಟ್ಟೆ ಇಟ್ಟುಕೊಂಡಿರುತ್ತೇನೆ. ತೆಗೆದು ಮುಂದಕ್ಕೆ ಹೋದೆ. ಭಾವ ಅಡ್ಡ ನಿಂತರು.

"ಪೂಜೆ ಆಗೈತೆ. ನಾಳೆವರ್ಗೂ ಮುಟ್ಟಂಗಿಲ್ಲ."

"ಬೂದಿ ಅಂದ್ರೆ ಮರಳಿದ್ದ ಹಾಗೆ ಭಾವ, ಗಾಜಿನ ಲೇಪ ಎಲ್ಲ ಕಿತ್ತುಹೋಗುತ್ತೆ. ಗಂಧ ಒಣಗಿದ್ರೆ ಮುಗೀತು."

"ವರ್ಷೊಂಬತ್ತಿನ ಹಬ್ಬ. ಆಯುಧ ಒರಸಂತೀಯಲ್ಲೋ, ನಿಂಗೇನ್ ಬಂದೈತೆ? ದೇವ್ರ ಕುಂಕುಮಕ್ಕಿಂತ ನಿನ್ ಗಾಜ್ ದೊಡ್ದಾ?"

ಅಕ್ಕ ನನ್ನ ತೋಳು ಹಿಡಿದು ಒಳಕ್ಕೆ ಎಳೆದಳು. "ಹಬ್ಬದ್ ದಿನ ಬ್ಯಾಡ ಕಣೋ. ಹೋಳಿಗೆ ತಿನ್ನು ಬಾ." ಕನ್ನಡಕ ಕೊಂಡು ಹೋದವರಿಗೆಲ್ಲ ಸೆರಗಲ್ಲಿ ಒರೆಸಬೇಡಿ, ಪಂಚೆಯಲ್ಲಿ ಉಜ್ಜಬೇಡಿ ಅಂತ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ನನ್ನ ಮನೆಯವರೇ ಕೇಳುವುದಿಲ್ಲ. ಮಾರನೆಯ ದಿನ ಭಾವ ಒಣಗಿದ ಗಂಧವನ್ನು ಉಗುರಿನಲ್ಲಿ ಕೆರೆದು, ಮಿಕ್ಕಿದ್ದನ್ನು ಪಂಚೆಯ ತುದಿಯಲ್ಲಿ ತಿಕ್ಕಿ ತೆಗೆದರಂತೆ. ಗಾಜಿನ ನಡುಮಧ್ಯೆ ಪಾತ್ರೆ ತಿಕ್ಕಿದ ಹಾಗೆ ಗೀರು. ಪೊರೆ ಬಂದ ಕಣ್ಣಿಗೆ ಪೊರೆ ಬಂದ ದುರ್ಬೀನು ಜೊತೆಯಾಯಿತು.

ಇನ್ನೊಂದು ವಿಷಯ ಆ ಮೊಬೈಲಿನವನಿಗೆ ಗೊತ್ತಿರಲಿಲ್ಲ. ದುರ್ಬೀನಿನಲ್ಲಿ ದೊಡ್ಡದು ಮಾಡಿದಷ್ಟೂ ಬೆಳಕು ಕಡಿಮೆಯಾಗುತ್ತದೆ, ಕಾಣುವ ಜಾಗವೂ ಕಿರಿದಾಗುತ್ತದೆ. ನಡುಮಧ್ಯಾಹ್ನದಲ್ಲಿ ಚೆನ್ನಾಗಿ ಕಂಡದ್ದು ಬೆಳಗಿನ ಮಂಕಿನಲ್ಲಿ ಬರೀ ಕಪ್ಪು. ಅಕ್ಕನಿಗೆ ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದೆ, ಭಾವ ಅಟ್ಟಣೆ ಮೇಲಿದ್ದಾಗ ನೀನು ಹೊಲಕ್ಕೆ ಹೋಗ್ತೀಯಾ ಅಂತ. "ಕರೆಂಟು ಬಂದಾಗ ಹೋಗ್ಲೇಬೇಕಲ್ಲೋ, ಅದು ನಂಗೆ ಕಾಯ್ತೈತಾ?" ಅನ್ನುತ್ತಿದ್ದಳು.

ಸಂಕ್ರಾಂತಿಗೆ ಇನ್ನೂ ಕೆಲವು ವಾರ ಇರುವಾಗ, ಚಳಿ ಬಿದ್ದಿತ್ತು. ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದೇನೆ, ಭಾವ ಎದುರಿಗೆ ನಿಂತಿದ್ದಾರೆ. ಒಬ್ಬರೇ. ಬಲಹುಬ್ಬಿನ ಮೇಲೆ ಅರ್ಧಚಂದ್ರದ ಹಾಗೆ ಹರಿದ ಗಾಯ. ಅದಕ್ಕೆ ಅರಿಸಿನ ಮೆತ್ತಿದ್ದರು. ನೋಡಿದ ಕೂಡಲೇ ಗೊತ್ತಾಯಿತು. ನಾಲ್ಕು ಬೆರಳು ಜಾಗ ಬಿಡಿ ಅಂದಿದ್ದೆನಲ್ಲ, ಬಿಟ್ಟಿರಲಿಲ್ಲ. ಬಂದೂಕು ಒದ್ದಿದೆ, ದುರ್ಬೀನಿನ ಅಂಚು ಹುಬ್ಬನ್ನು ಕೊಯ್ದಿದೆ. ಆಗಲೇ ಬೇಕಿತ್ತು ಅಂತ ಒಳಗೇ ಒಂದು ಖುಷಿಯೂ ಆಯಿತು. ಒಳಗೆ ಕೂರಿಸಿ ಗಾಯ ತೊಳೆದೆ.

"ಏನಾಯ್ತು ಭಾವ?"

ಭಾವ ನೆಲ ನೋಡುತ್ತ ಹೇಳಿದರು. ಅವತ್ತೇ ಬೆಳಿಗ್ಗೆ, ಬೆಳಕು ಇನ್ನೇನು ಬಿಡುತ್ತಿತ್ತು. ಜೋಳದ ಸಾಲಿನ ಕೊನೆಯಲ್ಲಿ ಕಪ್ಪಗೆ ಏನೋ ಬಗ್ಗಿಕೊಂಡು ನೆಲ ಕೆದಕುತ್ತಿತ್ತು. ದುರ್ಬೀನನ್ನು ಪೂರ್ತಿ ದೊಡ್ಡದು ಮಾಡಿ ನೋಡಿದರು. ಕಪ್ಪು ಕೂದಲು, ಒರಟೊರಟು, ಇಬ್ಬನಿಯಲ್ಲಿ ನೆನೆದದ್ದು.

"ಕೂದ್ಲು ಒಂದೊಂದೂ ಕಂಡಂಗಾಯ್ತು ಕಣೋ. ಹಂದಿ ಬೆನ್ನು ಅನ್ಕಂಡೆ."

"ಅನ್ಕೊಂಡು?"

"ಹೊಡ್ದೆ."

ನನ್ನ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು. ಅಕ್ಕ ಚಳಿಗಾಲದಲ್ಲಿ ನಮ್ಮಮ್ಮನ ಕರೀ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗುತ್ತಾಳೆ. ಜೋಳದ ಗರಿಯ ಇಬ್ಬನಿಯಲ್ಲಿ ಮೈ ನೆನೆಯುತ್ತದೆ ಅಂತ ತಲೆಯಿಂದ ಮೊಣಕಾಲಿನವರೆಗೆ ಇಳಿಬಿಟ್ಟಿರುತ್ತಾಳೆ. ಕುರಿಯ ಉಣ್ಣೆಯ ಕಂಬಳಿ, ಒರಟು, ಕಪ್ಪು. ಮೋಟರು ಹಾಕಿ ಬಂದು ಬಗ್ಗಿ ಸನಿಕೆಯಲ್ಲಿ ಕಾಲುವೆಯ ಕಸ ಎಳೆಯುತ್ತಿದ್ದಳು.

"ಅಕ್ಕ? ಅಕ್ಕ ಎಲ್ಲಿ?"

"ಮನೇಲವ್ಳೆ. ಏನಾಗಿಲ್ಲ. ಗುಂಡು ಪಕ್ಕದ್ ಬದೂಗೆ ಬಿತ್ತು." ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ಮಣ್ಣು ಹಾರಿ ಅವ್ಳ ಮೈಮ್ಯಾಲೆ ಬಿತ್ತು. ಎದ್ ನಿಂತ್ಕಂಡು ನನ್ ಕಡೆ ತಿರುಗಿ ಬಿತ್ತಾ ಅಂದ್ಲು. ಹಂದಿ ಬಿತ್ತಾ ಅಂತ ಕೇಳಿದ್ಲು ಕಣೋ ನನ್ನ."

"ನೀವೇನಂದ್ರಿ?"

"ಇಲ್ಲ, ತಪ್ಪಿಸ್ಕಂತು ಅಂದೆ."

ನನಗೆ ಆಮೇಲೆ ಏನೇನು ಬಾಯಿಗೆ ಬಂತೋ ಪೂರ್ತಿ ನೆನಪಿಲ್ಲ. ಜೀವನದಲ್ಲಿ ಮೊದಲ ಸಲ ಅಕ್ಕನ ಗಂಡನಿಗೆ 'ನೀನು' ಅಂದೆ. ನೀನು ಮನುಷ್ಯನೇನೋ ಅಂದೆ. ಪಕ್ಕದ ಬೇಕರಿಯವರು ಓಡಿ ಬಂದರು. ಆ ದುರ್ಬೀನು ತೆಗೆದು ಕೆರೆಗೆ ಬಿಸಾಕಿ ಬಾ, ಇಲ್ಲದಿದ್ದರೆ ನಾನೇ ಸ್ಟೇಷನ್ನಿಗೆ ಹೋಗುತ್ತೇನೆ ಅಂದೆ. ಭಾವ ಎದ್ದು ಬಾಗಿಲ ಹತ್ತಿರ ಹೋಗಿ, ತಿರುಗಿ, ಕೇಳಿದರು.

"ಅವ್ಳಿಗೆ ಹೇಳ್ಬ್ಯಾಡ. ಆಮ್ಯಾಲೆ, ಆ ಒಂದ್ರಿಂದ ನಾಕರದ್ದು ಅಂದ್ಯಲ್ಲ, ಅದೇ ತಗಳ್ಳಾ?"

ನೋಡಿ! ಹೆಂಡತಿಯ ಮೇಲೆ ಗುಂಡು ಹಾರಿಸಿ ಬಂದ ಮನುಷ್ಯ ಇನ್ನೂ ದುರ್ಬೀನಿನ ನಂಬರು ಕೇಳುತ್ತಿದ್ದಾನೆ. ಕಣ್ಣು ತೋರಿಸುತ್ತೇನೆ ಅನ್ನಲಿಲ್ಲ. ಬಂದೂಕು ಬಿಡುತ್ತೇನೆ ಅನ್ನಲಿಲ್ಲ. ನಾನು ಅವರ ಮುಖದ ಮೇಲೇ ಗಾಜಿನ ಬಾಗಿಲು ಹಾಕಿಕೊಂಡೆ.

ಅವತ್ತೇ ಮಧ್ಯಾಹ್ನ ಅಂಗಡಿ ಮುಚ್ಚಿ ಬಸ್ಸು ಹತ್ತಿದೆ. ಅಕ್ಕ ಹಿತ್ತಲಲ್ಲಿ ಆ ಕಂಬಳಿಯನ್ನು ಬಿಸಿಲಿಗೆ ಹರವುತ್ತಿದ್ದಳು. ಭಾವ ಇನ್ನೂ ಮನೆಗೆ ಬಂದಿರಲಿಲ್ಲ. ಹೇಳಬೇಡ ಅಂದಿದ್ದರು. ಯಾಕೆ ಹೇಳಬಾರದು? ಜೀವ ಯಾರದು? ನಾನು ನಿಂತಲ್ಲೇ ಎಲ್ಲ ಹೇಳಿದೆ. ಅಕ್ಕ ಕಂಬಳಿಯ ಸುಕ್ಕು ಬಿಡಿಸುತ್ತಲೇ ಇದ್ದಳು.

"ಗೊತ್ತು ಕಣೋ," ಅಂದಳು. "ಅಲ್ಲಿ ಹಂದಿ ಎಲ್ಲಿತ್ತು? ನನ್ ಹಿಂದೆ ಬದು ಇತ್ತು, ಮುಂದೆ ಕಾಲ್ವೆ ಇತ್ತು. ಹೊಲದಾಗೆ ಇದ್ದೋಳು ನಾನೊಬ್ಳೇ."

"ಮತ್ತೆ ಬಿತ್ತಾ ಅಂತ ಯಾಕೆ ಕೇಳಿದೆ?"

"ಇನ್ನೇನ್ ಕೇಳ್ಳಿ? ನಂಗೆ ಹೊಡ್ದ್ರಾ ಅಂತ ಕೇಳ್ಬೇಕಿತ್ತಾ? ಅಟ್ಟಣೆ ಮ್ಯಾಲೆ ಅವ್ರು ಕುಸುದ್ ಕೂತಿದ್ರು ಕಣೋ, ಮಕದ್ ತುಂಬಾ ರಕ್ತ. ನಾನು ಕೇಳಿದ್ದಿದ್ರೆ ಅಲ್ಲೇ ಕೆಳೀಕೆ ಬೀಳೋರು."

ಸ್ಟೇಷನ್ನಿಗೆ ಹೋಗೋಣ ನಡಿ, ಲೈಸೆನ್ಸು ರದ್ದು ಮಾಡಿಸೋಣ ಅಂದೆ. ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಅಂಗೈ ತಣ್ಣಗಿತ್ತು. "ನನ್ ಮನೇನ ಬೀದಿಗೆ ತರ್ಬ್ಯಾಡ. ಆ ಬಂದೂಕ್ ಹೋದ್ರೆ ಅವ್ರು ಉಳಿಯಲ್ಲ, ಅದೊಂದೇ ಇರೋದು ಅವ್ರಿಗೆ. ನಾನು ಏನಾದ್ರೂ ದಾರಿ ನೋಡ್ಕಂತೀನಿ. ನನ್ ಮ್ಯಾಲೆ ಆಣೆ." ಆಣೆ ಹಾಕಿಬಿಟ್ಟಳು. ನಾನು ಬೈದುಕೊಂಡು, ಅಳು ನುಂಗಿಕೊಂಡು, ಕೊನೇ ಬಸ್ಸಿಗೆ ವಾಪಸು ಬಂದೆ. ಅವಳು ನೋಡಿಕೊಳ್ಳುವ ದಾರಿ ಎಂಥದಿರಬಹುದು ಅಂತ ದಾರಿಯುದ್ದಕ್ಕೂ ಯೋಚನೆ ಮಾಡಿದೆ. ಬಹುಶಃ ಹಟ ಮಾಡಿ ಕಣ್ಣು ತೋರಿಸಲು ಕರೆತರುತ್ತಾಳೆ ಅಂದುಕೊಂಡೆ. ನನ್ನ ಪರಿಚಯದ ಡಾಕ್ಟರಿಗೆ ಫೋನು ಮಾಡಿಯೂ ಇಟ್ಟೆ.

ಯಾರೂ ಬರಲಿಲ್ಲ.

ಸಂಕ್ರಾಂತಿಗೆ ನಾನೇ ಹೋದೆ. ಎಳ್ಳುಬೆಲ್ಲದ ನೆಪ. ಹಿಂದಿನ ಸಂಜೆ ಹೋಗಿ ಅಲ್ಲೇ ಉಳಿದುಕೊಂಡೆ. ಭಾವನೂ ನಾನೂ ಮಾತಾಡಲಿಲ್ಲ, ನೀರು ಕೇಳಿದ್ದೂ ಅಕ್ಕನ ಮೂಲಕವೇ. ಅವರ ಹುಬ್ಬಿನ ಗಾಯ ಒಣಗಿ ಕಲೆಯಾಗಿತ್ತು. ಬೆಳಿಗ್ಗೆ ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕು ಕಾಣಿಸುತ್ತಿತ್ತು. ಹೊಲದ ಕಡೆಯಿಂದ ಶಬ್ದ ಬರುತ್ತಿತ್ತು. ಠಣ್ ಠಣ್ ಠಣ್, ಬಿಡುವೇ ಇಲ್ಲ. ಯಾವುದೋ ಪಾತ್ರೆ ಬಡಿದ ಹಾಗೆ. ಎದ್ದು ಟವೆಲು ಹೊದ್ದುಕೊಂಡು ಹೋದೆ.

ಅಟ್ಟಣೆಯ ಮೇಲೆ ಭಾವ ಕೂತಿದ್ದರು. ತೊಡೆಯ ಮೇಲೆ ರೈಫಲ್ಲು, ಅದರ ಮೇಲೆ ಅದೇ ಮೊಳಕೈ ಉದ್ದದ ದುರ್ಬೀನು. ನನ್ನನ್ನು ನೋಡಿ, ಮಾತು ಬಿಟ್ಟದ್ದು ಮರೆತೇಹೋದವರ ಹಾಗೆ ಮೇಲಿನಿಂದ ಕೂಗಿದರು.

"ನೋಡಿದ್ಯೇನೋ? ತಿಂಗ್ಳಾಯ್ತಾ ಬಂತು, ಒಂದ್ ಹಂದಿ ಇತ್ತ ಕಾಲಿಕ್ಕಿಲ್ಲ. ಎಲ್ಲಾ ದುರ್ಬೀನಿನ ಗುಣ. ಅವ್ಕೂ ಗೊತ್ತಾಗೈತೆ!"

ನಾನು ಶಬ್ದ ಬರುತ್ತಿದ್ದ ಕಡೆ ಜೋಳದ ಸಾಲಿನ ನಡುವೆ ನುಗ್ಗಿದೆ. ಇಬ್ಬನಿಗೆ ಅಂಗಿ ನೆನೆದು ಮೈಗೆ ಅಂಟಿತು. ಸಾಲಿನ ಕೊನೆಯಲ್ಲಿ ಅಕ್ಕ ಬರುತ್ತಿದ್ದಳು. ಕರೀ ಕಂಬಳಿ ಇರಲಿಲ್ಲ. ಕೆಂಪು ಸೀರೆಯ ಮೇಲೆ ತೆಳುವಾದ ಟವೆಲು, ಚಳಿಗೆ ತುಟಿ ಕಪ್ಪಾಗಿತ್ತು. ಎಡಗೈಯಲ್ಲಿ ಊಟದ ಸ್ಟೀಲ್ ತಟ್ಟೆ, ಬಲಗೈಯಲ್ಲಿ ಸೌಟು. ಬಡಿಯುತ್ತ ನಡೆಯುತ್ತಿದ್ದಳು.

"ಹಂದಿ ಓಡಿಸ್ತಿದೀಯಾ ಅಕ್ಕ?"

"ಹಂದಿಗಲ್ಲ ಕಣೋ." ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು. "ನಿಮ್ ಭಾವುಂಗೆ. ಇಲ್ಲಿರೋಳು ನಾನು ಅಂತ ಗೊತ್ತಾಗ್ಲಿ ಅಂತ."

ಅಟ್ಟಣೆಯ ಕಡೆ ತಿರುಗಿ ನೋಡಿದೆ. ಬೆಳಗಿನ ಬಿಸಿಲು ದುರ್ಬೀನಿನ ಗಾಜಿನ ಮೇಲೆ ಬಿದ್ದು ಹೊಳೆಯುತ್ತಿತ್ತು. ಅದು ನಮ್ಮ ಕಡೆಗೇ ತಿರುಗಿತ್ತು. ದಿನಾ ಬೆಳಿಗ್ಗೆ ಈ ಗಾಜಿನ ಎದುರು ಇವಳು ಒಬ್ಬಳೇ ಹೀಗೆ ನಡೆಯುತ್ತಾಳೆ.

"ಸ್ಟಾರ್ಟ್ರು ಪೆಟ್ಗೆ ತೆಗ್ಯಕ್ಕೆ ಎರಡು ಕೈಯೂ ಬೇಕು. ಅದೊಂದ್ ಗಳಿಗೆ ಸದ್ದು ನಿಲ್ತೈತೆ, ಆಗ್ಲೇ ನಂಗೆ ಜೀವ ಪುಕಪುಕ ಅಂತೈತೆ," ಅಂದಳು ಅಕ್ಕ. ತಟ್ಟೆಯನ್ನೂ ಸೌಟನ್ನೂ ನನ್ನ ಕೈಗೆ ಕೊಟ್ಟಳು. "ಇವತ್ತು ನೀನಿದೀಯಲ್ಲ. ನಾನು ಮೋಟ್ರು ಹಾಕಿ ಬತ್ತೀನಿ, ಅಲ್ಲೀವರ್ಗೂ ಬಡೀತಿರು. ನಿಲ್ಲಿಸ್ಬ್ಯಾಡ."

ಅವಳು ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿದಳು. ನಾನು ಅವಳಿಗೂ ಅಟ್ಟಣೆಗೂ ನಡುವೆ ಹೋಗಿ ನಿಂತು ಬಡಿದೆ. ತಟ್ಟೆ ತಗ್ಗು ಬೀಳುವ ಹಾಗೆ ಬಡಿದೆ. ಮೋಟರು ಗುಂಯ್ ಅಂದಿತು, ಕಾಲುವೆಗೆ ನೀರು ಬಂತು, ಅಕ್ಕ ಸಾಕು ಕಣೋ ಅಂದಳು. ನಾನು ನಿಲ್ಲಿಸಲಿಲ್ಲ.